ಮೊದಲೇ ಇದ್ದ ದೋಷ

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳು)

ದನದ ಜಾತ್ರೆಯನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಮಾರುವವರಲ್ಲಿ ಕೆಲವರು ಹಿಂದಿನ ಹೊತ್ತು ಹಾಲು ಕರೆಯದೆ, ಕೆಚ್ಚಲು ತುಂಬಿಸಿಕೊಂಡು ಬಂದಿರುತ್ತಾರೆ. ಇದು ಮೋಸವೋ ಅಥವಾ ವ್ಯಾಪಾರದ ಜಾಣತನವೋ ಎಂಬ ಪ್ರಶ್ನೆ ನಮ್ಮ ಅಜ್ಜಂದಿರ ಕಾಲದಿಂದಲೂ ಇದ್ದೇ ಇದೆ. ಈಗ ಎತ್ತಿನ ಜಾಗಕ್ಕೆ ಮೋಟಾರು ಬಂದಿದೆ. ಟವೆಲಿನ ಜಾಗಕ್ಕೆ ಇಂಗ್ಲಿಷಿನ ಸಣ್ಣ ಅಕ್ಷರಗಳ ಫಾರಂ ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ.

ಕಾರಿನ ವಾರಂಟಿಯ ವಿಷಯವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇನಿದೆ ಎಂದು ಸಹಪಾಠಿಗಳು ನಗಬಹುದು. ನಮ್ಮಲ್ಲಿ ಕಾರು ಇರುವವರೇ ಎಷ್ಟು ಮಂದಿ? ಬೆಳಿಗ್ಗೆ ತರೀಕೆರೆಯ ಬಸ್ಸಿಗೋ ಅಜ್ಜಂಪುರದ ರೈಲಿಗೋ ಓಡುವವರು ನಾವು. ಆದರೆ ನನ್ನ ಮಟ್ಟಿಗೆ ಈ ವಿಷಯ ಕಾರಿನದಲ್ಲ, ಅಕ್ಷರದ್ದು. ನಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಕಾಲಿಟ್ಟವಳು ನಾನೇ ಮೊದಲು. ಹಾಗಾಗಿ ನೆಂಟರಿಷ್ಟರ ಮನೆಯ ಫಾರಂಗಳೆಲ್ಲ ನನ್ನ ಕೈಗೇ ಬರುತ್ತವೆ. ಬ್ಯಾಂಕಿನ ಫಾರಂ, ಪಹಣಿಯ ಅರ್ಜಿ, ಪಿಂಚಣಿಯ ಅರ್ಜಿ, ಬೆಳೆ ವಿಮೆ, ಎಲ್ಲವನ್ನೂ ನಾನೇ ತುಂಬುವುದು. ಹೀಗೆ ಬಂದ ಒಂದು ಫಾರಮ್ಮಿನ ಕಥೆಯನ್ನು ಮೊದಲು ಹೇಳಿ, ಆಮೇಲೆ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ.

ನನ್ನ ಸೋದರಮಾವ ತರೀಕೆರೆಯ ಕಡೆಯವರು. ಅಡಿಕೆ ತೋಟ ಸ್ವಲ್ಪ, ಸಾಲ ಸ್ವಲ್ಪ. ಎರಡು ವರ್ಷಗಳ ಹಿಂದೆ ಪರಿಚಯದವರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡರು. ತಯಾರಕರು ಕೊಟ್ಟ ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ಹಳೆಯ ಕಾರುಗಳಿಗೂ ಹಣ ತೆಗೆದುಕೊಂಡು ಒಂದು ವರ್ಷದ ವಾರಂಟಿ ಕೊಡುವ ಸಂಸ್ಥೆಗಳಿವೆ. ಆ ಅವಧಿಯಲ್ಲಿ ಎಂಜಿನ್ನು, ಗೇರ್ ಬಾಕ್ಸು ಮೊದಲಾದವು ತಾವಾಗಿ ಕೆಟ್ಟರೆ ರಿಪೇರಿಯ ಖರ್ಚು ಅವರದು. ಟೈರು, ಬ್ರೇಕಿನ ಪ್ಯಾಡು ಮುಂತಾಗಿ ಸವೆಯುವ ಸಾಮಾನಿಗೆ ಇದು ಅನ್ವಯಿಸುವುದಿಲ್ಲ. ವಾರಂಟಿ ಕೊಳ್ಳುವ ಮೊದಲೇ ಇದ್ದ ದೋಷಕ್ಕೂ ಅನ್ವಯಿಸುವುದಿಲ್ಲ.

ಮಾವನ ಕಾರಿನ ಗೇರ್ ಬಾಕ್ಸಿನಲ್ಲಿ ಮೊದಲಿನಿಂದಲೂ ಒಂದು ಸದ್ದಿತ್ತು. ಕೊಂಡ ವಾರದಲ್ಲೇ ನಾವೆಲ್ಲ ಕಲ್ಲತ್ತಿಗಿರಿಗೆ ಹೋಗಿದ್ದೆವು. ಲಿಂಗದಹಳ್ಳಿ ದಾಟಿ ಏರು ಹತ್ತುವಾಗ ಕಾಫಿ ಬೀಜ ಹುರಿದಂತೆ ಗರಗರ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತ ನಾನೇ ಕೇಳಿದ್ದೇನೆ. ಸಂಸ್ಥೆಯ ಪರೀಕ್ಷಕರು ಬಂದು ಕಡೂರು–ಬೀರೂರಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದರು. ಅಲ್ಲಿ ಸದ್ದು ಬರಲಿಲ್ಲ. ಮಾವನೂ ಹೇಳಲಿಲ್ಲ. ವಾರಂಟಿ ಸಿಕ್ಕಿತು. ಎರಡು ತಿಂಗಳಿಗೆ ಗೇರ್ ಬಾಕ್ಸು ನಿಂತೇ ಹೋಯಿತು. ಗ್ಯಾರೇಜಿನವರು ಹೇಳಿದ ಖರ್ಚು 42,000 ರೂಪಾಯಿ.

ಫಾರಂ ನನ್ನ ಮುಂದೆ ಬಂತು. ದೋಷವನ್ನು ಮೊದಲು ಗಮನಿಸಿದ ದಿನಾಂಕ ಯಾವುದು ಎಂದು ಅದರಲ್ಲಿ ಒಂದು ಪ್ರಶ್ನೆ. ನಾನು ಪೆನ್ನು ಹಿಡಿದು ಮಾವನ ಮುಖ ನೋಡಿದೆ. "ಹೋದ ಸೋಮವಾರ ಅಂತ ಬರಿಯವ್ವಾ" ಎಂದರು. ನಾನು ಕಲ್ಲತ್ತಿಗಿರಿಯ ಮಾತೆತ್ತಿದೆ. "ಅವರೇನು ನಮ್ಮ ನೆಂಟರಾ? ನಮ್ಮಂಥೋರ ದುಡ್ಡು ಎಷ್ಟು ನುಂಗಿದಾರೋ ಏನೋ. ನಿನ್ನ ಕೈಲಿ ಅಕ್ಷರ ಐತೆ, ಬರ್ದು ಕೊಡು" ಎಂದರು. ನನ್ನ ಕಾಲೇಜಿನ ಶುಲ್ಕಕ್ಕೆ ಮೊದಲ ವರ್ಷ ಹಣ ಕೊಟ್ಟ ಮಾವ ಅವರು. ನಾನು ಬರೆದುಕೊಟ್ಟೆ. ಹೋದ ಸೋಮವಾರದ ತಾರೀಖನ್ನೇ ಹಾಕಿದೆ. ಹಣ ಮಂಜೂರಾಯಿತು. ಯಾರೂ ಕೇಳಲಿಲ್ಲ, ಯಾರಿಗೂ ತಿಳಿಯಲಿಲ್ಲ. ಮಾವ ನನಗೊಂದು ಕೈಗಡಿಯಾರ ತಂದುಕೊಟ್ಟರು.

ಇದೇ ವರ್ಷ ಇನ್ನೊಂದು ಪ್ರಸಂಗ ನಡೆಯಿತು. ಅಜ್ಜಂಪುರದ ಕಡೆ ಇರುವ ನನ್ನ ಅಜ್ಜಿ ಹಸುವೊಂದನ್ನು ಮಾರಿದರು. ಅಜ್ಜಿಗೆ ಹೆಬ್ಬೆಟ್ಟಿನ ಗುರುತೇ ಸಹಿ. ಕೊಳ್ಳಲು ಬಂದವನು ಎಲ್ಲ ನೋಡಿ ಬೆಲೆ ಒಪ್ಪಿಕೊಂಡ ಮೇಲೆ ಅಜ್ಜಿ ತಾವಾಗಿಯೇ, "ಒಂದು ಮಾತು ಕೇಳಪ್ಪಾ, ಇದು ಕರೆಯೋವಾಗ ಒದೀತದೆ. ಕಾಲು ಕಟ್ಟಿ ಕರೀಬೇಕು" ಎಂದರು. ಅವನು 3,000 ರೂಪಾಯಿ ಕಡಿಮೆ ಮಾಡಿದ. ಅಜ್ಜಿ ಒಪ್ಪಿಕೊಂಡರು. ಆಮೇಲೆ ನಾನು ಏಕೆ ಹೇಳಿದಿರಿ ಎಂದು ಕೇಳಿದ್ದಕ್ಕೆ, "ಅವನ ಹೆಂಡ್ತಿ ತಾನೇ ಕರೆಯೋಳು. ಒದೆ ತಿಂದು ನನ್ನ ಬೈಯಲ್ವಾ?" ಎಂದಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ಆ ಕೈಗಡಿಯಾರ ನನ್ನ ಕೈಯಲ್ಲಿ ಭಾರವಾಯಿತು. ಈ ಲೇಖನಕ್ಕೆ ಕಾರಣ ಅದೇ.

ಇನ್ನು ವಿಚಾರಕ್ಕೆ ಬರೋಣ. ಮಾವನ ಪರವಾಗಿ ಹೇಳಬಹುದಾದ ಮಾತುಗಳು ಕ್ಷುಲ್ಲಕವಲ್ಲ. ಅವನ್ನು ಒಂದೊಂದಾಗಿ ಎತ್ತಿಕೊಳ್ಳುವುದೇ ನ್ಯಾಯ.

ಮೊದಲನೆಯದು, ಪರೀಕ್ಷಿಸಿ ನೋಡುವುದು ಅವರ ಕೆಲಸ, ಹೇಳುವುದು ನಮ್ಮ ಕೆಲಸವಲ್ಲ ಎಂಬುದು. ಈ ಮಾತಿಗೆ ಕಾನೂನಿನ ಸ್ವಲ್ಪ ಆಸರೆಯೂ ಇದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ, ಬರಿಯ ಮೌನವು ವಂಚನೆಯಲ್ಲ ಎಂದಿದೆ. ಅದಕ್ಕೆ ಕೊಟ್ಟಿರುವ ಉದಾಹರಣೆಗಳು ನಮ್ಮ ಜಾತ್ರೆಯಿಂದಲೇ ಎತ್ತಿಕೊಂಡಂತಿವೆ. ಒಬ್ಬನು ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷದ ಮಾತೆತ್ತುವುದಿಲ್ಲ, ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೇ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಇನ್ನು, "ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದು ತಿಳಿಯುತ್ತೇನೆ" ಎಂದು ಕೊಳ್ಳುವವನು ಕೇಳಿದಾಗ ಸುಮ್ಮನಿದ್ದರೆ, ಆ ಮೌನವೇ ಮಾತಾಗುತ್ತದೆ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ನಡೆಯುವ ಹೋರಿ ಕರುಗಳ ಹರಾಜನ್ನು ನೋಡಿದವರಿಗೆ ಮೊದಲನೆಯ ಉದಾಹರಣೆಯ ತರ್ಕ ತಿಳಿಯುತ್ತದೆ. ಅಲ್ಲಿ ಕರು ಎಲ್ಲರ ಕಣ್ಣೆದುರಿಗೆ ನಿಂತಿರುತ್ತದೆ. ಕೊಳ್ಳುವ ರೈತನೂ ಪಶುವನ್ನು ಬಲ್ಲವನು. ಕಾರಿನ ಗೇರ್ ಬಾಕ್ಸಿನ ಒಳಗು ಹಾಗೆ ಕಣ್ಣಿಗೆ ಕಾಣುವುದಿಲ್ಲ. ದಿನವೂ ಓಡಿಸುವವನಿಗೆ ತಿಳಿದಿದ್ದು ಒಂದು ಗಂಟೆ ಓಡಿಸಿದವನಿಗೆ ತಿಳಿಯದು. ಆದುದರಿಂದಲೇ ವಿಮೆಯಲ್ಲಿ ನಿಯಮ ಬೇರೆ. ಗೊತ್ತಿರುವವನು ಹೇಳಲೇಬೇಕೆಂಬ ಪರಮ ವಿಶ್ವಾಸದ ತತ್ವವನ್ನು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲೆಂಡಿನ ನ್ಯಾಯಾಧೀಶರು 1766ರಲ್ಲೇ ಎತ್ತಿಹಿಡಿದರು. ವಾರಂಟಿಗಳಲ್ಲಿ ಕೆಲವು ವಿಮಾ ಸಂಸ್ಥೆಗಳ ಬೆಂಬಲದಿಂದ ನಡೆಯುತ್ತವೆ, ಕೆಲವು ಬರಿಯ ಸೇವಾ ಕರಾರುಗಳು. ಕಾನೂನಿನ ಈ ಭೇದ ಏನೇ ಇರಲಿ, ನನ್ನ ತಪ್ಪಿಗೆ ಅದು ಆಸರೆಯಾಗದು. ಮಾವ ಪರೀಕ್ಷಕರ ಮುಂದೆ ಸುಮ್ಮನಿದ್ದುದು ಮೌನ. ನಾನು ಬರೆದದ್ದು ಮೌನವಲ್ಲ, ಸುಳ್ಳು.

ಎರಡನೆಯದು, ಸಂಸ್ಥೆಗಳೂ ಮೋಸ ಮಾಡುತ್ತವೆ ಎಂಬುದು. ಇದರಲ್ಲಿ ಸತ್ಯವಿದೆ. ಮಾರುವಾಗ ಎಲ್ಲಕ್ಕೂ ಹಣ ಬರುತ್ತದೆಂದು ನಗುನಗುತ್ತ ಹೇಳಿ, ಕೇಳಲು ಹೋದಾಗ ಎಂಟನೆಯ ಪುಟದ ನಿಬಂಧನೆ ತೋರಿಸುವುದು ಅಪರೂಪವಲ್ಲ. ಕನ್ನಡವಷ್ಟೇ ಬಲ್ಲ ರೈತನಿಂದ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಎಂಥ ನೀತಿ? ಆದರೆ ಅದಕ್ಕೆ ಉತ್ತರ ಬೇರೆ ಇದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಾವೇ ದೂರು ಬರೆದುಕೊಳ್ಳಬಹುದು. ವಕೀಲರು ಇರಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. 1915 ಎಂಬ ಸಹಾಯವಾಣಿಯೂ ಇದೆ. ಇಷ್ಟಿದ್ದೂ ಸುಳ್ಳಿನ ದಾರಿ ಹಿಡಿದರೆ, ನ್ಯಾಯ ಕೇಳುವ ದಿನ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಪುಣ್ಯಕೋಟಿ ಮಾತು ಕೊಟ್ಟದ್ದು ಹುಲಿಗೆ, ಸಾಧುವಿಗಲ್ಲ. ಎದುರಿಗಿರುವವನ ಯೋಗ್ಯತೆ ಅಳೆದು ಸತ್ಯ ಹೇಳುವುದಾದರೆ ಅದನ್ನು ಸತ್ಯವೆನ್ನುವುದೇಕೆ?

ಮೂರನೆಯದು, ಅಷ್ಟು ದೊಡ್ಡ ಸಂಸ್ಥೆಗೆ 40,000 ರೂಪಾಯಿ ಯಾವ ಲೆಕ್ಕ ಎಂಬುದು. ಇಲ್ಲಿಯೇ ಲೆಕ್ಕ ಬಿಡಿಸಿ ನೋಡಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯೇ ವಾರಂಟಿಯ ಮೂಲತತ್ವ. ನಮ್ಮ ಮೂರು ಊರುಗಳಲ್ಲಿ ನೂರು ಮಂದಿ ತಲಾ 6,000 ರೂಪಾಯಿ ಕೊಟ್ಟರೆಂದು ಇಟ್ಟುಕೊಳ್ಳೋಣ. ಒಟ್ಟು 6 ಲಕ್ಷ. ಹತ್ತು ಕಾರು ಅಕಸ್ಮಾತ್ತಾಗಿ ಕೆಟ್ಟು ತಲಾ 40,000 ಆದರೆ 4 ಲಕ್ಷ. ಮಿಕ್ಕ 2 ಲಕ್ಷ ಸಂಸ್ಥೆಯ ಖರ್ಚು ಮತ್ತು ಲಾಭ. ಈ ನೂರರಲ್ಲಿ ಇನ್ನೂ ಐದು ಕಾರುಗಳು ಮೊದಲೇ ಕೆಟ್ಟು, ಬಾಯಿ ಮುಚ್ಚಿಕೊಂಡು ಬಂದವಾಗಿದ್ದರೆ ರಿಪೇರಿಯ ಖರ್ಚು 6 ಲಕ್ಷವಾಗುತ್ತದೆ. ಮುಂದಿನ ವರ್ಷ ಸಂಸ್ಥೆ ತನ್ನ 2 ಲಕ್ಷ ಬಿಡುವುದಿಲ್ಲ. ಬೆಲೆಯನ್ನು 8,000ಕ್ಕೆ ಏರಿಸುತ್ತದೆ. ಆಗ ಒಳ್ಳೆಯ ಕಾರಿನವನು ನನಗೇಕೆ ಎಂದು ಬಿಟ್ಟುಹೋಗುತ್ತಾನೆ. ಕೆಟ್ಟ ಕಾರಿನವರೇ ಉಳಿದುಕೊಂಡು ಬೆಲೆ ಇನ್ನೂ ಏರುತ್ತದೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ಮುಚ್ಚಿಟ್ಟ ದೋಷವು ಒಳ್ಳೆಯ ಮಾಲನ್ನು ಹೇಗೆ ಸಂತೆಯಿಂದ ಓಡಿಸುತ್ತದೆಂದು ತೋರಿಸಿದರು. 2001ರಲ್ಲಿ ಅವರೊಡನೆ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಮಾವನ 42,000 ರೂಪಾಯಿಯನ್ನು ಕೊಟ್ಟದ್ದು ಸಂಸ್ಥೆಯಲ್ಲ. ಹೆಸರು ತಿಳಿಯದ ಯಾರೋ ಇನ್ನೊಬ್ಬ ಮಾವ. ಅಜ್ಜಿ ಅರ್ಥಶಾಸ್ತ್ರ ಓದಿಲ್ಲ, ಆದರೆ ಆ ಕೊಳ್ಳುವವನ ಹೆಂಡತಿಯನ್ನು ಅವರು ಕಂಡಿದ್ದರು. ನನಗೆ ಆ ಇನ್ನೊಬ್ಬ ಮಾವ ಕಾಣಲಿಲ್ಲ.

ಹಾಗೆಂದು ಮೊದಲೇ ಇದ್ದ ದೋಷವೆಲ್ಲ ಗ್ರಾಹಕನ ತಪ್ಪೆಂದು ನಾನು ಹೇಳುವುದಿಲ್ಲ. ಇಲ್ಲಿ ಮೂರು ಸ್ಥಿತಿಗಳನ್ನು ಬೇರೆಬೇರೆಯಾಗಿ ಕಾಣಬೇಕು. ದೋಷ ಒಳಗೇ ಇದ್ದು ನಮಗೆ ತಿಳಿಯದಿದ್ದರೆ, ನಿರ್ಭಯವಾಗಿ ಹಣ ಕೇಳಬೇಕು. ತಿಳಿಯದ್ದಕ್ಕಾಗಿಯೇ ವಾರಂಟಿ ಇರುವುದು. "ಇದು ಮೊದಲೇ ಇತ್ತು" ಎಂದು ಸಂಸ್ಥೆ ಹೇಳಿದರೆ ಅದನ್ನು ತೋರಿಸಿಕೊಡುವ ಭಾರ ಅದರ ಮೇಲೆಯೇ ಇರಬೇಕು. ಅನುಮಾನವಿದ್ದರೆ ಅನುಮಾನವನ್ನೇ ಹೇಳಿ, ಬರೆಸಿ, ಪರೀಕ್ಷೆ ಮಾಡಿಸಬೇಕು. ಖಂಡಿತವಾಗಿ ತಿಳಿದಿದ್ದರೆ ಅದನ್ನು ಬಚ್ಚಿಟ್ಟು ಕೇಳಬಾರದು.

ಸಂಸ್ಥೆಗಳ ಕರ್ತವ್ಯವೂ ಇದಕ್ಕೆ ಸರಿಸಮವಾಗಿರಬೇಕು. ಮಲೆನಾಡಿನ ಅಂಚಿನಲ್ಲಿ ಕಾರು ಪರೀಕ್ಷಿಸುವವರು ಒಂದು ಏರನ್ನಾದರೂ ಹತ್ತಿಸಿ ನೋಡಬೇಡವೇ? ಯಾವುದಕ್ಕೆ ಹಣವಿಲ್ಲ ಎಂಬುದನ್ನು ಕನ್ನಡದಲ್ಲಿ, ಮೊದಲನೆಯ ಪುಟದಲ್ಲಿ ಅಚ್ಚುಹಾಕಬೇಕು. ದೋಷ ಹೇಳಿದವನನ್ನು ಓಡಿಸದೆ, ಆ ಒಂದು ಭಾಗ ಬಿಟ್ಟು ಮಿಕ್ಕದ್ದಕ್ಕೆ ವಾರಂಟಿ ಕೊಡಬೇಕು. ಇದು ಆಗದ ಮಾತಲ್ಲ. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಹೇಳಿಕೊಂಡವನಿಗೂ ಒಂದು ದಾರಿ ಇದೆ ಎಂದಾಗ ಹೇಳಿಕೊಳ್ಳುವವರು ಹೆಚ್ಚುತ್ತಾರೆ. ನಮ್ಮ ಹಳ್ಳಿಗಳ ದನದ ವಿಮೆಯಲ್ಲೂ ಪಶುವೈದ್ಯರು ನೋಡಿ ಸರ್ಟಿಫಿಕೇಟು ಕೊಟ್ಟು, ಕಿವಿಗೆ ಓಲೆ ಹಾಕಿದ ಮೇಲೆಯೇ ವಿಮೆ. ಓಲೆ ಇಲ್ಲದ ದನಕ್ಕೆ ಹಣವಿಲ್ಲ. ನೋಡುವ ಕೆಲಸವನ್ನು ನೋಡುವವರು ಮೊದಲೇ ಮಾಡಿದರೆ ಜಗಳ ಕಡಿಮೆ.

ಕೊನೆಯದಾಗಿ ಸಹಪಾಠಿಗಳಿಗೆ ಒಂದು ಮಾತು. ನಮ್ಮಲ್ಲಿ ಬಹುಮಂದಿ ಮನೆಗೆ ಮೊದಲ ಪದವೀಧರರು. ಫಾರಂ ತುಂಬುವ ಕೆಲಸ ನಮ್ಮ ತಲೆಗೆ ಬಂದೇ ಬರುತ್ತದೆ. ತಂದೆತಾಯಿಗಳು ಕೂಲಿ ಮಾಡಿ ನಮಗೆ ಅಕ್ಷರ ಕೊಡಿಸಿದ್ದು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರ ಮೋಸದಿಂದ ತಪ್ಪಿಸಿಕೊಳ್ಳಲೆಂದು. ಅದೇ ಅಕ್ಷರದಿಂದ ನಾವೂ ಇನ್ನೊಬ್ಬರಿಗೆ ಅದನ್ನೇ ಮಾಡಿದರೆ, ಮನೆಗೆ ಬಂದದ್ದು ವಿದ್ಯೆಯೆಂದು ಹೇಗೆ ಹೇಳೋಣ? ಸಾಲದಲ್ಲಿರುವ ಮಾವನಿಗೆ ಬೇಡವೆನ್ನುವುದು ಸುಲಭವಲ್ಲ. ನನ್ನಿಂದ ಆಗಲಿಲ್ಲ ಎಂಬುದನ್ನು ಮೇಲೆಯೇ ಒಪ್ಪಿಕೊಂಡಿದ್ದೇನೆ.

ವಾರಂಟಿಯನ್ನು ಮುಂದುವರಿಸುವ ಫಾರಂ ಮತ್ತೆ ಬಂದಾಗ ಅದನ್ನೂ ನಾನೇ ತುಂಬಿದೆ. ತಿಳಿದಿರುವ ದೋಷಗಳೇನಾದರೂ ಇವೆಯೇ ಎಂಬ ಪ್ರಶ್ನೆಗೆ, ಸ್ಟೀರಿಂಗು ತಿರುಗಿಸುವಾಗ ಸದ್ದು ಬರುತ್ತದೆ ಎಂದು ಬರೆದು, ಮಾವನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ನಿಮ್ಮಜ್ಜಿ ಬುದ್ಧಿ ನಿಂಗೂ ಬಂತು" ಎಂದು ಗೊಣಗಿ ಸಹಿ ಹಾಕಿದರು. ಸಂಸ್ಥೆ ಸ್ಟೀರಿಂಗನ್ನು ಬಿಟ್ಟು ಮಿಕ್ಕದ್ದಕ್ಕೆ ವಾರಂಟಿ ಕೊಟ್ಟಿತು. ಸ್ಟೀರಿಂಗಿನ ರಿಪೇರಿಗೆ ಮಾವ ಕೈಯಿಂದಲೇ ಹಣ ಹಾಕಿದರು. ಹಿಂದಿನ 42,000ದ ಮಾತು ನಮ್ಮಿಬ್ಬರ ನಡುವೆ ಇನ್ನೂ ಬಂದಿಲ್ಲ. ಈ ಸಂಚಿಕೆ ಅವರ ಕೈ ಸೇರಿದ ಮೇಲೆ ಬರಬಹುದು.