ಇಪ್ಪತ್ತನಾಲ್ಕು ತಾಸು ಎಣಿಸೋಣ ಬನ್ನಿ!

ಸಿಂದಗಿ ತಾಲೂಕಿನ ರೈತರೇ, ಕೂಲಿಕಾರರೇ, ಹಮಾಲರೇ, ತಾಯಂದಿರೇ, ವಿದ್ಯಾರ್ಥಿಗಳೇ,

ರಾತ್ರಿ ಹತ್ತಕ್ಕೆ ಜೀಪು ಬರುತ್ತದೆ. "ಸಾಹೇಬ್ರು ಕರಿಯಾಕತ್ತಾರ, ಠಾಣೇಕ ಬಾ" ಅನ್ನುತ್ತಾರೆ. ಮಗ ಹೋಗುತ್ತಾನೆ, ಬೆಳಗಾದರೂ ಬರುವುದಿಲ್ಲ. ಅವ್ವ ಹಿರಿಯರ ಕಟ್ಟೆಗೆ ಬಂದು ಕೈಮುಗಿಯುತ್ತಾಳೆ: "ಯಪ್ಪಾ, ನೀವಾದ್ರೂ ಒಂದ್ ಮಾತ್ ಹೇಳ್ರಿ." ಹಿರಿಯರು ಫೋನು ಹಚ್ಚುತ್ತಾರೆ. "ಬರೇ ವಿಚಾರಣೆ, ನಾಳೆ ಬಿಡ್ತೀವಿ" ಎಂಬ ಉತ್ತರ. ಆ ನಾಳೆ ಮೂರು ದಿನಕ್ಕೆ ಹೋಗುತ್ತದೆ. ಇದನ್ನು ಓದುವಾಗ ನಿಮ್ಮ ಓಣಿಯ ಯಾವುದೋ ಮನೆ ಕಣ್ಣಮುಂದೆ ಬಂದಿರಬೇಕು.

ನಾವು ಬಾಗೇವಾಡಿಯ ಬಸವಣ್ಣನ ನೆರೆಯವರು. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಎಳೆಹೂಟೆಯಾದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಅಂದು ಬಿಜ್ಜಳನ ಮಾತೇ ತೀರ್ಪು. 1950ರಿಂದ ಈಚೆಗೆ ಹಾಗಲ್ಲ. ಹಿಡಿದವರನ್ನು 24 ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಕೋರ್ಟಿಗೆ ಹೋಗುವ ದಾರಿಯ ಹೊತ್ತನ್ನಷ್ಟೇ ಇದರಿಂದ ಬಿಡಬಹುದು. ಇದು ಸಂವಿಧಾನದ 22ನೇ ವಿಧಿ. ಆ ತಾಯಿ ಕೈಮುಗಿಯಬೇಕಾಗಿರಲಿಲ್ಲ, ತಾಸು ಎಣಿಸಿದ್ದರೆ ಸಾಕಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಸುಪ್ರೀಂ ಕೋರ್ಟಿನ ತೀರ್ಪುಗಳೂ ಹೇಳುವುದಿಷ್ಟು:

1. ಯಾಕೆ ಹಿಡಿದಿರಿ ಎಂದು ಹಿಡಿಸಿಕೊಂಡವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಹೇಳದಿದ್ದರೆ ಆ ಬಂಧನವೇ ಕಾನೂನುಬಾಹಿರ ಎಂದು 2025ರ ವಿಹಾನ್ ಕುಮಾರ್ ತೀರ್ಪು ಸಾರಿದೆ. ದುಡಿಯಲು ಪುಣೆ, ಮುಂಬೈ, ಗೋವಾಕ್ಕೆ ಹೋದ ನಮ್ಮ ಹುಡುಗರೂ ಇದನ್ನು ನೆನಪಿಡಲಿ.

2. ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರ ಇಲ್ಲವೇ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಬೇಕು. ಬಂದ ಪೊಲೀಸರ ಎದೆಯ ಮೇಲೆ ಹೆಸರು ಕಾಣಬೇಕು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಬಂದ ಈ ನಿಯಮಗಳು ಈಗ ಕಾನೂನೇ ಆಗಿವೆ.

3. ಮನೆಯವರಿಗೆ ಇಲ್ಲವೇ ಗೆಳೆಯರಿಗೆ ಕೂಡಲೇ ಸುದ್ದಿ ಮುಟ್ಟಿಸಬೇಕು. ಬಂಧಿತರ ಹೆಸರು, ಆರೋಪ ಠಾಣೆಯಲ್ಲಿ ಎದ್ದು ಕಾಣುವಂತೆ ಹಾಕಬೇಕು.

4. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಬಂಧನ ಬೇಡವೆಂದರೆ ಹಾಜರಾಗಲು ನೋಟಿಸು ಕೊಡಬೇಕು.

5. ಹೊತ್ತು ಮುಳುಗಿದ ಮೇಲೆ, ಮೂಡುವ ಮುಂಚೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅಪ್ಪಣೆ ತಂದು ಬರಬೇಕು.

6. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡಬೇಕು.

ಈ ಆರನೆಯದಕ್ಕಾಗಿ ಅಮೆರಿಕದಲ್ಲಿ ಗಿಡಿಯನ್ ಎಂಬ ಬಡವ ಜೈಲಿನಿಂದ ಪೆನ್ಸಿಲಿನಲ್ಲಿ ಅರ್ಜಿ ಬರೆಯಬೇಕಾಯಿತು. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವನ ಮಾತು ಒಪ್ಪಿತು. ವಕೀಲರನ್ನು ಕೊಟ್ಟು ಮತ್ತೆ ವಿಚಾರಣೆ ನಡೆಸಿದಾಗ ಅವನು ನಿರ್ದೋಷಿಯಾಗಿ ಹೊರಬಂದ. ನಮ್ಮಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಈ ಹಕ್ಕನ್ನು ಬರೆದೇ ಕೊಟ್ಟಿದೆ. ಕೇಳುವವರು ಮಾತ್ರ ಕಡಿಮೆ.

ಕೇಳದಿದ್ದರೆ ಏನಾಗುತ್ತದೆ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ತೀರ್ಪೇ ಆಗದ ವಿಚಾರಣಾಧೀನರು. ಜಾಮೀನಿಗೆ ದುಡ್ಡಿಲ್ಲ, ನಿಲ್ಲುವವರಿಲ್ಲ ಎಂದೇ ಒಳಗೆ ಉಳಿದವರೂ ಇವರಲ್ಲಿದ್ದಾರೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ದಿನ ಒಳಗಿದ್ದರೆ ಅವರನ್ನು ಬಿಡಬೇಕು ಎನ್ನುತ್ತದೆ ಹೊಸ ಸಂಹಿತೆಯ 479ನೇ ಕಲಮು. ಗಲ್ಲು, ಜೀವಾವಧಿಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸದು. ವಿಜಯಪುರದ ದರ್ಗಾ ಜೈಲಿನಲ್ಲಿ ನಿಮ್ಮವರಿದ್ದರೆ ಇವತ್ತೇ ದಿನ ಎಣಿಸಿ.

ನಾವು ಪೊಲೀಸರ ವಿರೋಧಿಗಳಲ್ಲ. ಕಳ್ಳನನ್ನು ಹಿಡಿಯಲಿ, ಕೊಲೆಗಾರನನ್ನು ಹಿಡಿಯಲಿ, ಲೆಕ್ಕ ಇಟ್ಟು ಹಿಡಿಯಲಿ. ದೂರು ಕೊಡಲು ಹೋದವರಿಗೂ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಲಿ.

ಬಂಧುಗಳೇ, ಮಾಡಬೇಕಾದದ್ದು ಇಷ್ಟು:

• ಯಾರನ್ನಾದರೂ ಕರೆದೊಯ್ದರೆ ಹೊತ್ತು, ಜೀಪಿನ ನಂಬರು, ಬಂದವರ ಹೆಸರು ಬರೆದಿಡಿ. ಎಣಿಕೆ ಆ ಹೊತ್ತಿನಿಂದಲೇ ಶುರು.

• ಒಬ್ಬರೇ ಠಾಣೆಗೆ ಹೋಗಬೇಡಿ. ಊರಿನ ನಾಲ್ವರು ಕೂಡಿ ಹೋಗಿ, ಬಂಧನ ಪತ್ರ ಕೇಳಿ.

• 15100ಕ್ಕೆ ಫೋನು ಮಾಡಿ, ಇಲ್ಲವೇ ಸಿಂದಗಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

• 24 ತಾಸು ಮೀರಿದರೆ ಜಿಲ್ಲಾ ಎಸ್ಪಿಯವರಿಗೂ ಮ್ಯಾಜಿಸ್ಟ್ರೇಟರಿಗೂ ಬರಹದಲ್ಲಿ ದೂರು ಕೊಡಿ. ಹಿಡಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹಾಕಬಹುದು.

• ಮುಂದಿನ ಗ್ರಾಮಸಭೆಯಲ್ಲಿ ನಮ್ಮೂರಲ್ಲೂ ಕಾನೂನು ಅರಿವು ಶಿಬಿರ ನಡೆಸಿ ಎಂದು ಠರಾವು ಮಾಡಿಸಿ.

ಈ ಹಾಳೆಯನ್ನು ಚುರಮುರಿ ಕಟ್ಟಲು ಕೊಡಬೇಡಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಬಾಗಿಲ ಹಿಂದೆ ಅಂಟಿಸಿ. ಜೀಪು ಯಾರ ಮನೆ ಮುಂದೆ ನಿಲ್ಲುತ್ತದೋ ಹೇಳಲಾಗದು. ನಿಂತ ರಾತ್ರಿ ಓಣಿಯ ನಾಲ್ಕು ಬಾಗಿಲಾದರೂ ತೆರೆಯಲಿ.

– ಸಿಂದಗಿಯ ಸಮಾನ ಮನಸ್ಕರು