ಕಟ್ಟಿಗೆ ಸೀಳುವ ಮುನ್ನ



2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಬಡವರ ಮನೆಗೆ ಗ್ಯಾಸ್ ಬಂತು. ಆದರೂ ಗದಗ-ಬೆಟಗೇರಿಯ ಓಣಿಗಳಲ್ಲಿ ಸ್ನಾನದ ನೀರಿನ ಹಂಡೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಜೋಳದ ರೊಟ್ಟಿಯ ಹಂಚು, ಮದುವೆ ಮನೆಯ ದೇಗ್ ಇನ್ನೂ ಕಟ್ಟಿಗೆಯನ್ನೇ ಬೇಡುತ್ತವೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಮರ ಕಡಿಯುವುದು ಅಪರಾಧ. ಹಾಗಾಗಿ ಹೊಲದ ಬದುವಿನ ಬಳ್ಳಾರಿ ಜಾಲಿ, ಬೇವು, ಹುಣಸೆಯ ಗಂಟು ಕಟ್ಟಿಗೆಯೇ ನಮಗೆ ಗತಿ.

ಗಂಡಸರು ದುಡಿಮೆಗೆ ಹೋದ ಮೇಲೆ ಅದನ್ನು ಸೀಳುವವರು ಯಾರು? ನನ್ನ ಅಮ್ಮಿ ಮರ ಕಡಿಯುವ ತೆಳು ಬಾಯಿಯ ಕೊಡಲಿಯಿಂದಲೇ ಸೀಳುತ್ತಿದ್ದರು. ಒಂದು ದಿನ ಕೊಡಲಿ ಹುಣಸೆ ತುಂಡಿನಲ್ಲಿ ಸಿಕ್ಕಿಬಿತ್ತು. ಜಗ್ಗಲು ಹೋಗಿ ಭುಜ ಉಳುಕಿತು. ಎರಡು ತಿಂಗಳು ರೊಟ್ಟಿ ಬಡಿಯಲಾಗಲಿಲ್ಲ. ಅಮ್ಮಿಯ ಕೈಯಲ್ಲಿ ಬಲವಿತ್ತು. ಉಪಕರಣ ಮಾತ್ರ ಆ ಕೆಲಸದ್ದಾಗಿರಲಿಲ್ಲ.

ಕಡಿಯುವ ಕೊಡಲಿ ಬೇರೆ, ಸೀಳುವ ಕೊಡಲಿ ಬೇರೆ. ಸೀಳುವುದರ ಬಾಯಿ ತೀರಾ ಹರಿತವಿರಬೇಕಿಲ್ಲ. ಹಿಂಭಾಗ ಬೆಣೆಯಂತೆ ದಪ್ಪವಿರಬೇಕು. ಅದು ಮರವನ್ನು ಅಗಲಿಸುತ್ತದೆ, ಸಿಕ್ಕಿಬೀಳುವುದು ಕಡಿಮೆ. ಹೆಣ್ಣುಮಕ್ಕಳ ಕೈಗೆ 2ರಿಂದ 2.5 ಕಿಲೋ ಸಾಕು. ತುಂಡಿನಲ್ಲಿ ಬಿರುಕು ಎಲ್ಲಿದೆ ನೋಡಿ, ಅದರ ಗುಂಟ ಹೊಡೆಯಿರಿ. ದಪ್ಪ ತುಂಡನ್ನು ಅಂಚಿನಿಂದ ಬಿಡಿಸುತ್ತ ಬನ್ನಿ.

ಗಂಟು ಕಟ್ಟಿಗೆಗೆ ಕಬ್ಬಿಣದ ಬೆಣೆ ಮತ್ತು ದೊಡ್ಡ ಸುತ್ತಿಗೆ ಒಳ್ಳೆಯದು. ನಿಧಾನವಾದರೂ ಸೊಂಟಕ್ಕೆ ಕ್ಷೇಮ. ಆದರೆ ಕೊಡಲಿಯ ಹಿಂಬದಿಯಿಂದ ಬೆಣೆಗೆ ಹೊಡೆಯಬೇಡಿ. ಚೂರು ಹಾರಿ ಕಣ್ಣಿಗೆ ಬಡಿದೀತು. ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಮೊದಲು ಉಜ್ಜಿಸಿಕೊಳ್ಳಿ.

ಮದುವೆ ಅಡುಗೆಯವರಿಗೆ, ಕಟ್ಟಿಗೆ ವ್ಯಾಪಾರಿಗಳಿಗೆ ಯಂತ್ರ ಲಾಭದಾಯಕ. ಒಂದು ಮನೆಗೆ ಅದು ದುಬಾರಿ. ನಾಲ್ಕಾರು ಮನೆಯವರು ಕೂಡಿ ಬಾಡಿಗೆಗೆ ತರಿಸಬಹುದು. ಯಂತ್ರದಲ್ಲಿ ಎರಡು ಬಗೆ. ತಿರುಗುವ ಸ್ಕ್ರೂ ಇರುವುದು ಅಗ್ಗ, ಆದರೆ ದುಪಟ್ಟಾ, ಸೆರಗು, ಬುರ್ಖಾದ ತುದಿಯನ್ನು ಕ್ಷಣದಲ್ಲಿ ಸುತ್ತಿಕೊಳ್ಳುತ್ತದೆ. ಮನೆಗೆ ಅದು ಬೇಡವೇ ಬೇಡ. ಹೈಡ್ರಾಲಿಕ್ ಯಂತ್ರ ಕಟ್ಟಿಗೆಯನ್ನು ನಿಧಾನವಾಗಿ ಬ್ಲೇಡಿಗೆ ಒತ್ತುತ್ತದೆ. ಎರಡೂ ಕೈ ಸನ್ನೆಯ ಮೇಲಿದ್ದರೆ ಮಾತ್ರ ಓಡುವಂಥದ್ದನ್ನೇ ಆರಿಸಿ. ಒಬ್ಬರು ತುಂಡು ಹಿಡಿದು ಇನ್ನೊಬ್ಬರು ನಡೆಸುವುದು ಬೇಡ. ಮಕ್ಕಳು ದೂರವಿರಲಿ.

ಯಾವುದರಿಂದಲೇ ಸೀಳಿ, ಹಸಿಯಿದ್ದಾಗಲೇ ಸೀಳಿ. ಸೀಳಿದ ಕಟ್ಟಿಗೆ ಬೇಗ ಒಣಗುತ್ತದೆ. ಕಲ್ಲಿನ ಮೇಲೆ ಒಟ್ಟಿ, ಮೇಲೆ ತಗಡು ಮುಚ್ಚಿ, ಬದಿಗಳಲ್ಲಿ ಗಾಳಿಯಾಡಲು ಬಿಡಿ. ಬೇಸಿಗೆಯಲ್ಲಿ ಈ ಕೆಲಸ ಮುಗಿದರೆ ಮಳೆಗಾಲದಲ್ಲಿ ಹೊಗೆ ಕಡಿಮೆ; ನಿಮ್ಮ ಕಣ್ಣಿಗೂ, ಪಕ್ಕದಲ್ಲಿ ಕುಳಿತ ಮಗುವಿನ ಎದೆಗೂ ಹಿತ.

ಬೇಡಿ ತಿನ್ನುವುದಕ್ಕಿಂತ ಕಟ್ಟಿಗೆಯ ಹೊರೆ ಹೊತ್ತು ಮಾರಿ ಬದುಕುವುದು ಲೇಸೆಂದು ಪ್ರವಾದಿ(ಸ) ಕಲಿಸಿದರು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದೂ ಅವರೇ ತಿಳಿಸಿದರು. ಸಹೋದರರು ಈ ಪುಟ ಓದುತ್ತಿದ್ದರೆ ಅವರಿಗೊಂದು ಮಾತು: ಮುಂದಿನ ಸಂತೆಯಲ್ಲಿ ಮನೆಗೆ ಸರಿಯಾದ ಕೊಡಲಿ ತನ್ನಿ. ರವಿವಾರ ಒಂದು ತಾಸು ಅದನ್ನು ನೀವೇ ಹಿಡಿಯಿರಿ.