ಕಾನೂನು ಶಿಕ್ಷಣ: ಸಹಪಾಠಿಯ ಆಸರೆಗೂ ಮಿತಿಯುಂಟು

2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಆದರೆ ಓದಲೇಬೇಕಾದ ಮೂಲ ತೀರ್ಪುಗಳು ಇಂಗ್ಲಿಷಿನವು. ಸುಪ್ರೀಂ ಕೋರ್ಟ್ ಹಾಗೂ ಹೈಕೋರ್ಟುಗಳಿಗೆ ಸಂವಿಧಾನದ 348ನೇ ವಿಧಿ ಗೊತ್ತುಪಡಿಸಿರುವುದೂ ಅದೇ ಭಾಷೆಯನ್ನು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಈ ಅಂತರವನ್ನು ದಾಟುವುದು ಹೇಗೆ?

ಬಹುಪಾಲು ಸಹಪಾಠಿಗಳ ಕೈ ಹಿಡಿದು. ತೀರ್ಪೊಂದರಲ್ಲಿ ನಿರ್ಣಾಯಕ ಕಾರಣವನ್ನೂ ಪ್ರಾಸಂಗಿಕ ಮಾತನ್ನೂ ಬೇರ್ಪಡಿಸುವುದು, ಅಣಕು ನ್ಯಾಯಾಲಯದಲ್ಲಿ ವಾದ ಮಂಡಿಸುವುದು ಒಬ್ಬರೇ ಕುಳಿತು ಕಲಿಯುವ ವಿದ್ಯೆಗಳಲ್ಲ. ಎದುರು ನಿಂತು ಪ್ರಶ್ನಿಸುವವರು ಬೇಕು. ವಕೀಲರ ಮಕ್ಕಳಿಗೆ ಮನೆಯಲ್ಲೇ ದೊರೆಯುವ ಈ ಪರಿಚಯ, ಮೊದಲ ತಲೆಮಾರಿನವರಿಗೆ ಹಾಸ್ಟೆಲ್ ಕೋಣೆಯಲ್ಲಿ ದೊರೆಯಬೇಕಾಗುತ್ತದೆ.

ಇಂತಹ ನೆರವಿಗೆ ಸಂಘಟಿತ ರೂಪ ಕೊಟ್ಟವರು ಪ್ರೊ. ಶಮ್ನಾದ್ ಬಶೀರ್. 2010ರಲ್ಲಿ ಅವರು ಆರಂಭಿಸಿದ 'ಐಡಿಯಾ' ಯೋಜನೆಯಲ್ಲಿ ಕಾನೂನು ವಿದ್ಯಾರ್ಥಿಗಳೇ ಸ್ವಯಂಸೇವಕರಾಗಿ, ಬಡ ಹಾಗೂ ಅಂಗವಿಕಲ ಮಕ್ಕಳನ್ನು 'ಕ್ಲಾಟ್' ಪ್ರವೇಶ ಪರೀಕ್ಷೆಗೆ ಅಣಿಗೊಳಿಸುತ್ತಾರೆ. ಸೀಟು ದೊರೆತ ಮೇಲೂ ಮಾರ್ಗದರ್ಶನ ಮುಂದುವರಿಯುತ್ತದೆ. ಬಶೀರ್ 2019ರಲ್ಲಿ ನಿಧನರಾದರೂ ಈ ಕಾರ್ಯ ನಿಂತಿಲ್ಲ.

ಹಾಗೆಂದು ಸ್ನೇಹವನ್ನೇ ವ್ಯವಸ್ಥೆಯೆಂದು ಭಾವಿಸುವುದು ತರವಲ್ಲ. ಹಿರಿಯ ವಿದ್ಯಾರ್ಥಿ ಒಂದು ದಿನ ಕಾಲೇಜು ಬಿಡುತ್ತಾನೆ. ಗೆಳೆಯರ ಬಳಗಕ್ಕೆ ಸೇರದವನಿಗೆ ಟಿಪ್ಪಣಿಯೂ ಸಿಗುವುದಿಲ್ಲ. ವಾರಕ್ಕೊಂದು ಗಂಟೆಯನ್ನಾದರೂ ವೇಳಾಪಟ್ಟಿಯಲ್ಲೇ ಮೀಸಲಿಟ್ಟು, ಹಿರಿಯರನ್ನೂ ಕಿರಿಯರನ್ನೂ ಒಟ್ಟಿಗೆ ಕೂರಿಸುವ ಹೊಣೆ ಕಾಲೇಜುಗಳದು. ತಾಲ್ಲೂಕು ನ್ಯಾಯಾಲಯದ ಮೆಟ್ಟಿಲೇರುವ ಕಕ್ಷಿದಾರರು ತಮ್ಮ ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲಿ. ಅದನ್ನು ಕೇಳಿ ವಾದಿಸಬೇಕಾದವರು ತರಗತಿಯ ಹಿಂದಿನ ಬೆಂಚಿನಲ್ಲೇ ಸೋತುಹೋದರೆ, ನಷ್ಟ ಅವರೊಬ್ಬರದೇ ಅಲ್ಲ.